ಪಿಸಿಒಡಿ ಅಂದರಾ? ಥೈರಾಯ್ಡ್ ನೋಡಿಸಿದಿರಾ?

ಮಗಳಿಗೆ ಮೂರು ತಿಂಗಳಿಂದ ಮುಟ್ಟಾಗಿಲ್ಲ. ಮೈ ಬೇರೆ ಬರ್ತಾ ಇದೆ, ಬಾಚಣಿಗೆ ತುಂಬ ಕೂದಲು. ಸ್ಕ್ಯಾನಿಂಗ್ ಮಾಡಿಸಿದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ. ಚೀಟಿಯಲ್ಲಿ ‘ಪಿಸಿಒಡಿ’ ಎಂದು ಬರೆದದ್ದೇ ತಡ, ‘ಅಯ್ಯೋ, ಮುಂದೆ ಮಕ್ಕಳಾಗುತ್ತೋ ಇಲ್ವೋ’ ಎಂದು ನಮ್ಮ ಚಿಂತೆ ಶುರು. ಸ್ವಲ್ಪ ತಾಳಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ?

ನಾನಿರುವುದು ಕೊಡಗಿನ ಶ್ರೀಮಂಗಲದಲ್ಲಿ. ಗೋಣಿಕೊಪ್ಪಲಿಗೋ ವಿರಾಜಪೇಟೆಗೋ ಹೋಗಿ ಬರೀ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ವಾಪಸಾಗುವ ಅಮ್ಮಂದಿರನ್ನು ನೋಡಿದ್ದೇನೆ. ಪೇಟೆಯಲ್ಲಿರುವ ನೀವೂ ಇದಕ್ಕೆ ಹೊರತಲ್ಲ ಬಿಡಿ.

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿ ಸೋಮಾರಿಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಕಳಿಸುತ್ತದೆ. ಈ ಗದ್ದಲದಲ್ಲಿ ಎದೆಹಾಲಿನ ಹಾರ್ಮೋನೂ ಏರಿ, ಅಂಡ ಬಿಡುಗಡೆ ತಪ್ಪಬಹುದು. ಮುಟ್ಟು ಏರುಪೇರಾಗುತ್ತದೆ, ತೂಕ ಏರುತ್ತದೆ, ಕೆಲವರ ಅಂಡಾಶಯದಲ್ಲಿ ಗುಳ್ಳೆಗಳೂ ಕಾಣುತ್ತವೆ. ನೋಡಲು ಥೇಟ್ ಪಿಸಿಒಡಿ! ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಆ ಗುಳ್ಳೆಗಳು ಕರಗಿದ್ದೂ ಉಂಟು. ಅದಕ್ಕೇ 2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಬೇರೆ ಕಾರಣ ಇಲ್ಲವೆಂದು ಖಚಿತಪಡಿಸಿಕೊಂಡೇ ಪಿಸಿಒಡಿ ಎನ್ನಬೇಕು ಎಂದದ್ದು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೂ ಮೈನೆರೆದು ಎಂಟು ವರ್ಷ ಆಗುವ ತನಕ ಸ್ಕ್ಯಾನಿಂಗ್ ನೋಡಿ ಪಿಸಿಒಡಿ ತೀರ್ಮಾನ ಮಾಡಬೇಡಿ ಎನ್ನುತ್ತದೆ. ಹದಿನಾರರ ಹುಡುಗಿಗೆ ಈ ಹಣೆಪಟ್ಟಿ ಕಟ್ಟುವ ಮುಂಚೆ ಇದು ನೆನಪಿರಲಿ.

ಗಲ್ಲದ ಮೇಲೆ ಗಡುಸು ಕೂದಲು, ಮೊಡವೆ ಇದ್ದರೆ ಗುಮಾನಿ ಪಿಸಿಒಡಿ ಕಡೆಗೆ. ಎಲ್ಲರಿಗೂ ಸೆಕೆ ಎನ್ನುವಾಗ ಇವಳಿಗೆ ಚಳಿ, ಮಲಬದ್ಧತೆ, ಒಣಚರ್ಮ, ಸದಾ ಸುಸ್ತು ಎಂದರೆ ಥೈರಾಯ್ಡ್ ಕಡೆಗೆ. ಇದು ಬರೀ ಗುಮಾನಿ ಅಷ್ಟೆ, ರಕ್ತಪರೀಕ್ಷೆಯೇ ಆಗಬೇಕು. ಎರಡೂ ಒಟ್ಟಿಗೇ ಇರುವವರೂ ಕಡಿಮೆಯಿಲ್ಲ. ದೇಹವೇ ತನ್ನ ಥೈರಾಯ್ಡ್ ಮೇಲೆ ದಾಳಿ ಮಾಡುವ ಹಾಶಿಮೊಟೊ ಕಾಯಿಲೆ ಪಿಸಿಒಡಿ ಇರುವ ಹೆಂಗಸರಲ್ಲಿ ಹೆಚ್ಚು. ಹಾಗಾಗಿ ಪಿಸಿಒಡಿ ಖಚಿತವಾದರೂ ಥೈರಾಯ್ಡನ್ನು ಮರೆಯುವ ಹಾಗಿಲ್ಲ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮುಂಚೆಯೇ ನಿಲ್ಲಿಸಿ. ಅದು ರಿಪೋರ್ಟಿನ ಅಂಕಿಗಳನ್ನೇ ತಪ್ಪಾಗಿ ತೋರಿಸಬಹುದು.

ಇನ್ನು ನಮ್ಮೂರ ಮಾತು. ಕಾಫಿ ಬೆಳೆಯುವವರಿಗೆ ಕಣ್ಣುಬಿಟ್ಟ ಕೂಡಲೇ ಕಾಫಿ ಬೇಕು. ಕೆಲವರು ಥೈರಾಯ್ಡ್ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಾರೆ. ಬೇಡಿ! ಕಾಫಿ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಷಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಇರಲಿ. ಮಾತ್ರೆ ಶುರುವಾದ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಸರಿಯಾಯ್ತು ಅಂತ ನೀವೇ ನಿಲ್ಲಿಸಬೇಡಿ.

ಮಳೆ ಸುರಿಯುವ ಗುಡ್ಡದ ನಾಡಿನಲ್ಲಿ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ 2006ರ ಮೇ ತಿಂಗಳಿಂದ ದೇಶದಲ್ಲೆಲ್ಲ ನಿಷೇಧ ಬಂತು. ಆದರೂ ‘ಆರೋಗ್ಯಕ್ಕೆ ಒಳ್ಳೇದು’ ಅಂತ ಸೈಂಧವ ಲವಣಕ್ಕೆ ಬದಲಾಯಿಸುವವರಿದ್ದಾರೆ. ಅದರ ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದ್ದು ಎಂದಿದೆಯೇ ನೋಡಿ. ಉಪ್ಪಿನ ಡಬ್ಬಿಯನ್ನು ಒಲೆ ಪಕ್ಕ ತೆರೆದಿಡಬೇಡಿ. ಮಳೆಗಾಲದ ನಮ್ಮ ಬೈಂಬಳೆ ಕರಿ, ಅಂದರೆ ಕಳಲೆ ಪಲ್ಯ, ಥೈರಾಯ್ಡಿಗೆ ಅಷ್ಟೇನೂ ಹಿತವಲ್ಲ. ಹಾಗಂತ ನೆನೆಸಿ ನೀರು ಬದಲಿಸಿ ಚೆನ್ನಾಗಿ ಬೇಯಿಸಿದ್ದನ್ನು ಅಪರೂಪಕ್ಕೆ ತಿನ್ನುವುದಕ್ಕೆ ಹೆದರಬೇಕಿಲ್ಲ. ನಾನಂತೂ ಬಿಟ್ಟಿಲ್ಲ!

ಮಗುವಿನ ಯೋಚನೆ ಇರುವ ಹೊಸ ಸೊಸೆಯರಿಗೆ ಒಂದು ಮಾತು. ಬಸಿರಾದ ಮೊದಲ ವಾರಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ಅಮ್ಮನಿಂದಲೇ ಹೋಗಬೇಕು, ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಪಿಸಿಒಡಿ ಇದ್ದವರಿಗೆ ಮುಟ್ಟು ತಡವಾಗುವುದು ಮಾಮೂಲಿ, ಬಸಿರಾದದ್ದೇ ಗೊತ್ತಾಗದೆ ವಾರಗಳು ಕಳೆದುಬಿಡುತ್ತವೆ. ಮುಟ್ಟು ತಡವಾದರೆ ‘ಹೇಗೂ ನನಗೆ ಹೀಗೇನೇ’ ಅಂತ ಕೂರದೆ ಮನೆಯಲ್ಲೇ ಮೂತ್ರಪರೀಕ್ಷೆ ಮಾಡಿಕೊಳ್ಳಿ. ಬಸಿರು ಹೌದಾದರೆ ಅದೇ ವಾರ ಡಾಕ್ಟರನ್ನು ಕಂಡು ಟಿಎಸ್‌ಎಚ್ ನೋಡಿಸಿ.