ಚಿಕಿತ್ಸೆಯ ಅನಂತರವೂ ತೋಳಿಗೆ ಕೆಲಸವಿರಲಿ

ಸ್ತನದ ಅರ್ಬುದರೋಗವೆಂಬ ಮಾತನ್ನು ನಮ್ಮ ಮನೆಗಳಲ್ಲಿ ಇಂದಿಗೂ ಪಿಸುದನಿಯಲ್ಲಿಯೇ ಆಡುವುದುಂಟು. ಶಸ್ತ್ರಚಿಕಿತ್ಸೆ ಮುಗಿಸಿ ಮರಳಿದ ಸೋದರಿಯನ್ನು ಮನೆಯವರು ಮರುಕದಿಂದ ಮೂಲೆಯಲ್ಲಿ ಕೂರಿಸುತ್ತಾರೆ. ನೀರು ಸೇದಬೇಡ, ಕೊಡ ಎತ್ತಬೇಡ, ಅಂಗಳ ಗುಡಿಸಬೇಡ ಎಂಬ ನಿಷೇಧಗಳು ವರ್ಷಗಟ್ಟಲೆ ಮುಂದುವರಿಯುತ್ತವೆ. ಈ ಮರುಕ ನಿಜವಾಗಿಯೂ ಹಿತಕರವೇ ಎಂಬುದನ್ನು ನಾವು ವಿಚಾರಿಸಿ ನೋಡಬೇಕಾಗಿದೆ.

ಈ ಭಯವು ನಿರಾಧಾರವೇನಲ್ಲ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ತೋಳಿನ ದುಗ್ಧರಸ ಹಿಂದಿರುಗುವ ಹಾದಿ ಕುಗ್ಗುತ್ತದೆ. ಕೆಲವರಲ್ಲಿ ತೋಳು ಬಾತುಕೊಳ್ಳುತ್ತದೆ. ಶ್ರಮದಿಂದ ಬಾವು ಹೆಚ್ಚೀತೆಂದು ವೈದ್ಯರೂ ಬಹುಕಾಲ ನಂಬಿದ್ದರು.

ಕೆನಡಾದ ವ್ಯಾಂಕೂವರ್ ನಗರದಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾವೈದ್ಯರು 1996ರಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಚಿಕಿತ್ಸೆ ಪಡೆದ 24 ಮಹಿಳೆಯರಿಗೆ ಕ್ರಮವಾದ ತರಬೇತಿಯನ್ನಿತ್ತು, ಚೀನೀ ಮಾದರಿಯ ಉದ್ದನೆಯ ಡ್ರ್ಯಾಗನ್ ದೋಣಿಗೆ ಹುಟ್ಟುಹಾಕಲು ಕಳುಹಿಸಿದರು. ಓಣಂ ಕಾಲದ ದೋಣಿಸ್ಪರ್ಧೆಯನ್ನು ಕಂಡ ನಮಗೆ ಆ ಶ್ರಮ ಎಂತಹುದೆಂದು ವಿವರಿಸಬೇಕಾಗಿಲ್ಲ. ಆದರೂ ಅವರಲ್ಲಿ ಯಾರಿಗೂ ಹೊಸದಾಗಿ ತೋಳು ಬಾತುಕೊಳ್ಳಲಿಲ್ಲ.

2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಮೊದಲೇ ತೋಳು ಬಾತಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ಬಲ್ಲವರ ಮಾರ್ಗದರ್ಶನದಲ್ಲಿ ವಾರಕ್ಕೆ ಎರಡು ಬಾರಿ ಭಾರ ಎತ್ತಿದರು. ಭಾರವನ್ನು ಅಲ್ಪಾಲ್ಪವಾಗಿಯೇ ಹೆಚ್ಚಿಸಲಾಯಿತು. ಅವರಲ್ಲಿ ಬಾವು ಉಲ್ಬಣಿಸಿದ್ದು ನೂರಕ್ಕೆ 14 ಮಂದಿಗೆ. ಎತ್ತದವರಲ್ಲಿ 29 ಮಂದಿಗೆ.

ವ್ಯಾಯಾಮದಿಂದ ಆಯಾಸ ತಗ್ಗುತ್ತದೆ, ಬಿಗಿದ ಭುಜ ಸಡಿಲಗೊಳ್ಳುತ್ತದೆ, ಮನಸ್ಸಿನ ಕಳವಳ ಕಡಿಮೆಯಾಗುತ್ತದೆ. ಅದು ಔಷಧಕ್ಕೆ ಬದಲಿಯಲ್ಲ, ಔಷಧದ ಒಡನಾಡಿ.

ಶಾಲೆಯಲ್ಲಿ ಕವಾಯತು ಕಲಿಸುವಾಗ ನಾವು ಮೊದಲ ದಿನವೇ ಮಕ್ಕಳನ್ನು ಓಡಿಸುವುದಿಲ್ಲ. ಇಲ್ಲಿಯೂ ಅದೇ ಕ್ರಮ. ಮೊದಲು ವೈದ್ಯರ ಒಪ್ಪಿಗೆ. ಬಳಿಕ ತಲೆ ಬಾಚಿಕೊಳ್ಳುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಮೇಲಕ್ಕೆ ಸರಿಸುವುದು, ಹತ್ತು ನಿಮಿಷದ ನಡಿಗೆ. ಇದನ್ನು ನಿಧಾನವಾಗಿ ಬೆಳೆಸಿ ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯನ್ನು ಗುರಿಯಾಗಿರಿಸಿಕೊಳ್ಳಬಹುದು. ಬಾವು, ಕೆಂಪು, ಜ್ವರ, ಹೊಸ ನೋವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಗಡಿನಾಡಿನ ನಮಗೆ ಇನ್ನೊಂದು ಕರ್ತವ್ಯವಿದೆ. ಆಸ್ಪತ್ರೆಯಿಂದ ಬಂದ ಸೂಚನಾಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದು, ಅನೇಕ ತಾಯಂದಿರ ಪಾಲಿಗೆ ಅದು ಬರಿಯ ಕಾಗದವಾಗಿಯೇ ಉಳಿಯುತ್ತದೆ. ಓದುಬಲ್ಲ ಮಕ್ಕಳು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಮನೆಯ ಗಂಡಸರು ಸಂಜೆ ತೋಟದ ತುದಿಯವರೆಗೆ ಆಕೆಯ ಜತೆಯಲ್ಲಿ ನಡೆಯಲಿ.