ಬೆನ್ನಿಗೊಂದು ಸ್ಪ್ರಿಂಗ್ ಆಸರೆ

ಮಕ್ಕಳೇ, ಒಂದು ಲೀಟರಿನ ಬಾಟಲಿಗೆ ನೀರು ತುಂಬಿ. ಅದನ್ನು ಎದೆಗೆ ಅವಚಿ ಹಿಡಿದು ನಿಲ್ಲಿ. ಆಮೇಲೆ ತೋಳನ್ನು ಮುಂದಕ್ಕೆ ನೇರವಾಗಿ ಚಾಚಿ ಅದೇ ಬಾಟಲಿಯನ್ನು ಹಿಡಿಯಿರಿ. ಸ್ವಲ್ಪ ಹೊತ್ತಿಗೇ ಭುಜ ಸೋಲತೊಡಗುತ್ತದೆ, ಅಲ್ಲವೇ? ನೀರಿನ ತೂಕ ಹೆಚ್ಚಿಲ್ಲ. ಹಾಗಾದರೆ ಹೆಚ್ಚಿದ್ದು ಯಾವುದು? ಭುಜದಿಂದ ಭಾರಕ್ಕಿರುವ ದೂರ.

ಇದು ನೀವು ಪಾಠದಲ್ಲಿ ಓದುವ ಸನ್ನೆಯ ತತ್ವವೇ. ನಮ್ಮ ಬೆನ್ನೂ ಒಂದು ಸನ್ನೆ. ಬಗ್ಗಿ ಮೂಟೆ ಎತ್ತುವಾಗ ಸೊಂಟದ ಬಳಿಯ ಬೆನ್ನುಮೂಳೆ ಆನಿಕೆಯಾಗುತ್ತದೆ. ಅದರ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಿ ಬೆನ್ನಿನ ಸ್ನಾಯುಗಳು ಎಳೆಯುತ್ತವೆ. ಮೂಟೆ ಮುಂದೆ 40 ಸೆಂ.ಮೀ. ದೂರದಲ್ಲಿದೆ ಎನ್ನಿ. 40ನ್ನು 5ರಿಂದ ಭಾಗಿಸಿದರೆ 8. ಅಂದರೆ 20 ಕಿಲೋ ಮೂಟೆಗೆ ಸ್ನಾಯುಗಳು 160 ಕಿಲೋ ತೂಕದಷ್ಟು ಬಲ ಹಾಕಬೇಕು! ಬಗ್ಗಿದ ಮೈಯ ಭಾರ ಬೇರೆ. ಮೂಟೆಯನ್ನು ಮೈಗೆ ಹತ್ತಿರ, 20 ಸೆಂ.ಮೀ.ಗೆ ತಂದರೆ ಈ ಬಲ ಅರ್ಧಕ್ಕಿಳಿಯುತ್ತದೆ.

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಒತ್ತಡವೆಲ್ಲ ಅವುಗಳ ಮೇಲೆ. ಒಮ್ಮೆ ಎತ್ತಿದರೆ ಸಾಮಾನ್ಯವಾಗಿ ಏನೂ ಆಗದು. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಎತ್ತುವ ಹಮಾಲರಿಗೆ, ಗಾರೆ ಕೆಲಸದವರಿಗೆ ಬಿಲ್ಲೆ ಸವೆದು ನೋವು ಕಾಯಂ ಆಗಬಹುದು. ಸೊಂಟನೋವಿನಿಂದ ದುಡಿಮೆಯೇ ನಿಂತ ಮನೆಗಳನ್ನು ನೀವೂ ಕಂಡಿರಬಹುದು.

ಏಡಿ, ಮಿಡತೆಗಳಿಗೆ ಮೈಹೊರಗೆ ಗಟ್ಟಿ ಕವಚವಿದೆ. ಅದಕ್ಕೆ ಹೊರಕಂಕಾಲ ಎನ್ನುತ್ತಾರೆ. ಎಂಜಿನಿಯರುಗಳು ಮನುಷ್ಯನಿಗೂ ಅಂಥದ್ದನ್ನು ಮಾಡಿದ್ದಾರೆ. ಕಾರು ಕಾರ್ಖಾನೆಯಲ್ಲಿ ತಲೆಯ ಮೇಲ್ಮಟ್ಟದಲ್ಲಿ ಕೆಲಸ ಮಾಡುವ ಕೆಲವರು ದಿನಕ್ಕೆ 4,600 ಸಲದವರೆಗೂ ತೋಳೆತ್ತಬೇಕಾಗುತ್ತದೆ. 2018ರಲ್ಲಿ ಫೋರ್ಡ್ ಕಂಪನಿ 7 ದೇಶಗಳ 15 ಕಾರ್ಖಾನೆಗಳಲ್ಲಿ ಇಂಥವರಿಗೆ ಸ್ಪ್ರಿಂಗ್ ಅಳವಡಿಸಿದ ಮೇಲಂಗಿ ಕೊಟ್ಟಿತು. ಬ್ಯಾಟರಿ ಬೇಡ. ತೋಳು ಮೇಲೇರಿದಾಗ ಅದು ಪ್ರತಿ ತೋಳಿಗೂ ಸುಮಾರು 2ರಿಂದ 7 ಕಿಲೋವರೆಗೆ ಆಸರೆ ಕೊಡುತ್ತದೆ.

ಬೆನ್ನಿಗಾದರೆ ಹೆಗಲಿನಿಂದ ತೊಡೆಯವರೆಗೆ ಎಲಾಸ್ಟಿಕ್ ಪಟ್ಟಿಗಳಿರುವ ಉಡುಪು. ಬಗ್ಗಿದಾಗ ಪಟ್ಟಿ ಹಿಗ್ಗುತ್ತದೆ, ಏಳುವಾಗ ಸ್ನಾಯುವಿನ ಪಾಲಿನ ಸ್ವಲ್ಪ ಕೆಲಸ ತಾನು ಮಾಡುತ್ತದೆ. ಪಟ್ಟಿ ಇರುವುದು ಬೆನ್ನಿನ ಹೊರಗೆ, ಅಂದರೆ ಸ್ನಾಯುವಿಗಿಂತ ಆನಿಕೆಯಿಂದ ದೂರ. ಆದ್ದರಿಂದ ಕಡಿಮೆ ಎಳೆತಕ್ಕೇ ಹೆಚ್ಚು ಫಲ. ಸನ್ನೆಯ ತತ್ವ ಇಲ್ಲಿ ನಮ್ಮ ಕಡೆಗಿದೆ!

ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ? ಓರೆಯನ್ನು ಅರಿಯುವ ಅಂಥದೇ ಪುಟ್ಟ ಸಂವೇದಕವನ್ನು ಕೆಲಸಗಾರರ ಬೆಲ್ಟಿಗೆ ಸಿಕ್ಕಿಸುವುದೂ ಉಂಟು. ತೀರಾ ಬಗ್ಗಿದರೆ ಅದು ಗುರ್ರೆಂದು ಎಚ್ಚರಿಸುತ್ತದೆ, ಎಷ್ಟು ಸಲ ಬಗ್ಗಿದರೆಂದು ಲೆಕ್ಕವಿಡುತ್ತದೆ. ಆದರೆ ಮೂಟೆ ನೆಲದಲ್ಲೇ ಇದ್ದರೆ ಪಾಪ, ಬಗ್ಗದೆ ಎತ್ತುವುದಾದರೂ ಹೇಗೆ? ಆ ಲೆಕ್ಕ ನೋಡಿ ಮೂಟೆಯ ಜಾಗವನ್ನು ಎತ್ತರಿಸಿದರೆ ಸಂವೇದಕ ಕೆಲಸಕ್ಕೆ ಬಂದಂತೆ.

ನನಗೆ ಇವೆಲ್ಲಕ್ಕಿಂತ ಮೆಚ್ಚಿಗೆಯಾದದ್ದು ಸ್ಪ್ರಿಂಗ್ ಮೇಜು. ಪೆಟ್ಟಿಗೆ ಪೇರಿಸಿದಂತೆ ಅದು ತಗ್ಗುತ್ತದೆ, ಒಂದೊಂದೇ ತೆಗೆದಂತೆ ಮೇಲೇರುತ್ತದೆ. ಹೀಗಾಗಿ ಮೇಲಿನ ಪೆಟ್ಟಿಗೆ ಯಾವಾಗಲೂ ಸೊಂಟದ ಮಟ್ಟದಲ್ಲೇ ಸಿಗುತ್ತದೆ.

ಬಿಸಿಯೂಟದ ಅಕ್ಕಿ ಮೂಟೆ ಸಾಮಾನ್ಯವಾಗಿ 50 ಕಿಲೋ. ಮುಂದಿನ ಸಲ ಅದನ್ನು ನೆಲದಿಂದ ಎತ್ತುವವರನ್ನು ದೂರದಿಂದಲೇ ಗಮನಿಸಿ. ಮೂಟೆ ಅವರ ಬೆನ್ನುಮೂಳೆಯಿಂದ ಎಷ್ಟು ಸೆಂ.ಮೀ. ದೂರದಲ್ಲಿದೆ? ಅಂದಾಜು ಮಾಡಿ, 5ರಿಂದ ಭಾಗಿಸಿ, 50ರಿಂದ ಗುಣಿಸಿ. ಇಬ್ಬರು ಹಿಡಿದಿದ್ದರೆ ಅರ್ಧ ಮಾಡಿ. ಎಷ್ಟು ಬಂತು?