ಶಂಕರಘಟ್ಟದಿಂದ ಬೆಂಕಿಪುರಕ್ಕೆ

ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣದಿಂದ ಹೊರಬಂದು, ಶಂಕರಘಟ್ಟದಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಇಲ್ಲಿ ಎಂಬಿಎ ಓದುವ ಮಕ್ಕಳಿಗೆ ಒಂದು ಪಾಠವಿರುತ್ತದೆ: ಮೇಲಿನವನು ಹೇಗೆ ನಡೆದುಕೊಂಡರೆ ಕೆಳಗಿನವನಿಗೆ ಹೊಸದೇನಾದರೂ ಮಾಡುವ ಮನಸ್ಸು ಬರುತ್ತದೆ? ಅದಕ್ಕೆ ಉದಾಹರಣೆ ಜಪಾನಿನಿಂದ ತರಬೇಕಿಲ್ಲ. ಈ ಬಸ್ಸು ಹತ್ತಿದರೆ ಸಾಕು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನ್ಯೂಟೌನಿನ ಸಾಲುಮನೆಗಳನ್ನು ದಾಟಿ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಗೇಟಿನ ಮುಂದೆ ನಿಂತೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು, ಆದರೆ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಸೌದೆಯನ್ನು ಇದ್ದಿಲು ಮಾಡಿ ಕುಲುಮೆಗೆ ಉಣಿಸಿದರು. ಮರ ಬೇಯುವಾಗ ಹೊರಬರುವ ಹೊಗೆಯನ್ನೂ ಬಿಡದೆ ಅದರಿಂದ ಟಾರು, ಮರದ ಆಲ್ಕೋಹಾಲು ತೆಗೆದರು. 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಆ ಹೊತ್ತಿಗೆ ಮಹಾಯುದ್ಧ ಮುಗಿದು ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟದಲ್ಲೇ ಕಣ್ಣುಬಿಟ್ಟಿತು.

ಮೈಸೂರಿನ ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಕರೆದದ್ದು ಆಗ. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರು. ಸಮಯ, ಲೆಕ್ಕ, ಶಿಸ್ತು ಯಾವುದರಲ್ಲೂ ಸಡಿಲ ಬಿಡದವರು. ಇಂಥ ಬಿಗಿ ಕೈಯ ಕೆಳಗೆ ಹೊಸತನ ಹುಟ್ಟೀತೇ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಮುಖ್ಯವಾಗಿ ಕಾಣುವುದು ಅವರ ಬಿಗಿಯಲ್ಲ, ನಂಬಿಕೆ. ವಿದೇಶಿ ತಜ್ಞರ ಜಾಗಕ್ಕೆ ಒಬ್ಬೊಬ್ಬರಾಗಿ ನಮ್ಮ ನೆಲದ ಎಂಜಿನಿಯರುಗಳನ್ನು ತಂದು ಹೊಣೆ ಒಪ್ಪಿಸಿದರು. ಹೇಳಿದ್ದಷ್ಟನ್ನೇ ಮಾಡುವವನಿಗೆ ಕುಲುಮೆ ಕೆಟ್ಟರೆ ಅದು ಧಣಿಯ ತೊಂದರೆ. ಹೊಣೆ ಹೊತ್ತವನಿಗೆ ಅದು ತನ್ನದೇ ತೊಂದರೆ. ಏಕೆ ಕೆಟ್ಟಿತು, ಹೇಗೆ ಸರಿಹೋದೀತು ಎಂದು ರಾತ್ರಿಯೂ ಯೋಚಿಸುತ್ತಾನೆ.

ಕಾರ್ಖಾನೆ ಕಾಲೂರುವ ತನಕ ವಿಶ್ವೇಶ್ವರಯ್ಯನವರು ಸಂಬಳ ಮುಟ್ಟಲಿಲ್ಲ. ಮುಂದೆ ಆ ಬಾಕಿ ಹಣ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೇ ಹೋಯಿತು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅದೇ ಇಂದಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

ಇದ್ದಿಲಿಗಾಗಿ ಮಲೆನಾಡಿನ ಕಾಡು ತೆತ್ತ ಬೆಲೆಯನ್ನು ಮರೆಯಬಾರದು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಆಮೇಲೆ ವಿಶೇಷ ಉಕ್ಕು. ಶಿವಮೊಗ್ಗದ ಹಾದಿಯಲ್ಲಿರುವ ಮಾಚೇನಹಳ್ಳಿಯಲ್ಲಿ ಇಂದು ಎರಕದ ಕಾರ್ಖಾನೆಗಳಿವೆ. ಕಬ್ಬಿಣದ ಕಸುಬು ಈ ಸೀಮೆ ಬಿಟ್ಟು ಹೋಗಿಲ್ಲ.

1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ತೀರ್ಮಾನಗಳು ದೆಹಲಿಗೆ ಹೋದವು. ಕುಲುಮೆಯ ಬಳಿ ನಿಂತವನ ಮಾತು ಅಷ್ಟು ದೂರ ಕೇಳಿಸುವುದು ಕಷ್ಟ. ಮೊದಲ ಕಬ್ಬಿಣಕ್ಕೆ ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು.

ಶಂಕರಘಟ್ಟದ ವಿದ್ಯಾರ್ಥಿಗಳೇ, ಪರೀಕ್ಷೆಗೆ ಮುಂಚೆ ಒಮ್ಮೆ ಈ ಗೇಟಿನ ತನಕ ಬನ್ನಿ. ಇಲ್ಲಿ ದುಡಿದ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ, ಅವರನ್ನು ಮಾತನಾಡಿಸಿ.